ಏಳು ಸೆಕೆಂಡಿನ ಕಾವಲುಗಾರ

ರುವಿಯ ಥಿಯೇಟರಿನಲ್ಲಿ ಶುಕ್ರವಾರ ಮಧ್ಯಾಹ್ನದ ಆಟ.
ನಮಾಜು ಮುಗಿಸಿ ಅತ್ತರು ಘಮ್ಮೆನ್ನುತ್ತ ಬಂದ ಉಮ್ಮರಬ್ಬ,
ಕ್ರೇನ್ ಓಡಿಸುವ ಸಿದ್ರಾಮ, ನಾನು,
ಮೂವರಿಗೂ ಸೇರಿ ಒಂದೇ ಪೊಟ್ಟಣ ಪಾಪ್‌ಕಾರ್ನ್.
ಪರದೆಯ ಮೇಲೆ ಹೆಸರುಗಳು ಕನ್ನಡದಲ್ಲಿ ಮೂಡಿದ್ದಕ್ಕೇ
ಚಪ್ಪಾಳೆ ತಟ್ಟಿದೆವು.

ಹೀರೋ ಕಳ್ಳ. ಬಂಗಾರದ ಕಳ್ಳ.
ಬಂದರಿನ ಗೋದಾಮಿಗೆ ನುಗ್ಗುತ್ತಾನೆ, ಮಳೆಯಲ್ಲಿ, ನಿಧಾನಕ್ಕೆ,
ನೆಂದ ಬೆಂಕಿಕಡ್ಡಿ ಕೂಡ ಅವನಿಗಾಗಿ ಹತ್ತಿಕೊಳ್ಳುತ್ತದೆ.
ಬಾಗಿಲ ಬಳಿ ಒಬ್ಬ ವಾಚ್‌ಮನ್,
ಫ್ಲಾಸ್ಕಿನ ನೀಲಿ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಿದ್ದಾನೆ.
"ಯಾರಲೇ ಅದು?" ಅಷ್ಟೇ ಅವನ ಮಾತು.
ಚಹಾ ನೆಲಕ್ಕೆ, ಆಮೇಲೆ ಅವನು.
ಹಾಲ್ ಎದ್ದು ನಿಂತಿತು.
ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ,
ಎರಡು ಬೆರಳು ನಾಲಿಗೆಯಡಿ ಮಡಚಿ
ಹೈಸ್ಕೂಲಿನಲ್ಲಿ ಕಲಿತ ಶಿಳ್ಳೆ.

ಮಧ್ಯಂತರದ ಮೇಲೆ ಹೀರೋನ ಬಾಲ್ಯ ತೋರಿಸಿದರು:
ಹಸಿವು, ಒಡೆದ ತಟ್ಟೆ, ಬಡಿಗೆ ಹಿಡಿದ ಊರ ದೊಡ್ಡವ,
ತಂಗಿಯ ಒಂದೇ ಕಾಲಿನ ಗೆಜ್ಜೆ.
ಸಿದ್ರಾಮ ಮೂಗು ಸೀಟಿದ.
"ಹಿಂಗಾದ ಮ್ಯಾಲ ಯಾರರ ಕಳ್ಳ ಆಗದ ಇರ್ತಾರೇನು?"
ಹೌದಲ್ಲ, ಅಂದೆ ನಾನೂ.

ರಾತ್ರಿ ಎಂಟಕ್ಕೆ ನನ್ನ ಪಾಳಿ.
ವಾದಿ ಕಬೀರಿನ ಗೋದಾಮು, ಒಳಗೆ ಎ.ಸಿ. ಕಂಪ್ರೆಸರುಗಳು,
ಹೊರಗೆ ನಾನು, ಪ್ಲಾಸ್ಟಿಕ್ ಕುರ್ಚಿ, ಟಾರ್ಚು,
ಫ್ಲಾಸ್ಕು.
ಅದರ ಮುಚ್ಚಳವೂ ನೀಲಿ.
ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ನೋಡಿ,
ಅಷ್ಟಗಲ ಪರದೆಯ ಮೇಲೆ ಸತ್ತದ್ದು ನನ್ನ ಕಸುಬು,
ಶಿಳ್ಳೆ ಹೊಡೆದದ್ದು ನನ್ನ ಬಾಯಿ.
ಎಣಿಸಿದೆ. ಅವನಿಗೆ ಸಿಕ್ಕದ್ದು ಏಳು ಸೆಕೆಂಡು.
ಫ್ಲ್ಯಾಶ್‌ಬ್ಯಾಕ್ ಇಲ್ಲದವನು ಸಾಯಬಹುದು, ಯಾರದೂ ತಕರಾರಿಲ್ಲ.
ಒಂದು ಕೊಟ್ಟು ನೋಡೋಣವೆಂದು ಕೂತೆ:
ಹೆಸರು ದುಗ್ಗಪ್ಪ ಇರಲಿ. ಮಂಡಿನೋವು.
ಮಗಳಿಗೆ ಭಿನ್ನರಾಶಿ ತಲೆಗೆ ಹತ್ತುವುದಿಲ್ಲ,
ಚಹಾಕ್ಕೆ ಸಕ್ಕರೆ ಹೆಚ್ಚು ಬೇಕು...
ಲಾರಿಯೊಂದು ಬಂದು ಹಾರ್ನ್ ಹೊಡೆಯಿತು.
ಗೇಟು ತೆರೆದು ನಂಬರ್ ಬರೆದು ಬರುವಷ್ಟರಲ್ಲಿ
ದುಗ್ಗಪ್ಪನ ಮಿಕ್ಕ ಆಯುಷ್ಯ ಮರೆತುಹೋಗಿತ್ತು.

ನೆನಪಾದವನು ಲಿಗೋರಿ.
ಹೋದ ರಂಜಾನಿನಲ್ಲಿ ಹನ್ನೊಂದು ಕಿಲೋ ತಾಮ್ರದ ಕೊಳವೆ
ಊಟದ ಡಬ್ಬಿಯಲ್ಲಿ, ಸೊಂಟದಲ್ಲಿ, ದಿನಕ್ಕಿಷ್ಟು ಸಾಗಿಸಿದವನು.
ಅವನ ಫ್ಲ್ಯಾಶ್‌ಬ್ಯಾಕ್ ನಮಗೆಲ್ಲ ಬಾಯಿಪಾಠ:
ಐದು ತಿಂಗಳ ಸಂಬಳ ಬಾಕಿ,
ಹೆಂಡತಿಯ ಬೇಕರಿಗೆ ಕಂತಿನಲ್ಲಿ ತಂದ, ಕಂತು ತಪ್ಪಿದ
ಹಿಟ್ಟು ನಾದುವ ಯಂತ್ರ.
ಮೇಲಿನ ಬಂಕಿನಿಂದ ರಾತ್ರಿಯಿಡೀ ಹೇಳುತ್ತಿದ್ದ.
"ಲೈಟ್ ಆರಿಸಿ ಮಲಗೋ" ಎನ್ನುತ್ತಿದ್ದೆವು.
ಪೊಲೀಸರು ಬಂದ ದಿನ ಯಾರೂ ಎದ್ದು ನಿಲ್ಲಲಿಲ್ಲ,
ಅವನ ಬೆನ್ನ ಹಿಂದೆ ಡ್ರಮ್ಮು ಮೊಳಗಲಿಲ್ಲ.
ನಿಧಾನಕ್ಕೇ ನಡೆದ, ನಿಜ. ಚಪ್ಪಲಿಯ ಉಂಗುಷ್ಟ ಕಿತ್ತಿತ್ತು.
ನೋಡಿದ್ದೇನೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಿದವನು ನಾನು.
ನೋಡಿದ್ದು ಸುಳ್ಳಲ್ಲ.
ಅವನು ಯಾರನ್ನೂ ಕೊಂದಿರಲಿಲ್ಲ. ಅದೂ ಸುಳ್ಳಲ್ಲ.

ಹಾಗಾದರೆ ಈ ಕನಿಕರ,
ಟಿಕೆಟ್ಟಿನ ಜತೆಗೇ ಹರಿದು ಕೊಡುತ್ತಾರೆಯೇ ಅದನ್ನು?
ಒಳಗೆ ಮಾತ್ರ ಚಲಾವಣೆಯೇ?
ಉಮ್ಮರಬ್ಬನನ್ನು ಕೇಳಿದರೆ ನಕ್ಕ.
"ಸಿನಿಮಾ ಸಿನಿಮಾ ಮಾರಾಯ.
ವಾರಕ್ಕೆ ಎರಡೂವರೆ ಗಂಟೆಯಾದರೂ
ಯಾರಿಗೂ ಸಲಾಂ ಹೊಡೆಯದವನಾಗಿ ಇರಬೇಡವಾ?"
ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.
ಸಾಹೇಬರ ಕಾರು ಗೇಟಿಗೆ ಬಂದರೆ
ಕುರ್ಚಿ ಬಿಟ್ಟು ಏಳುವ ಸದ್ದು ನನ್ನದೇ.

ಮುಂದಿನ ಶುಕ್ರವಾರ ಮತ್ತೆ ಹೋದೆ, ಒಬ್ಬನೇ,
ಆ ಏಳು ಸೆಕೆಂಡಿಗೆ.
ಎರಡೂ ಕೈ ತೊಡೆಯಡಿ ಒತ್ತಿಟ್ಟು ಕೂತೆ.
ಮಳೆ. ಬೆಂಕಿಕಡ್ಡಿ. ಚಹಾ.
ಬಿದ್ದ. ಶಿಳ್ಳೆ.
ಆಗ ಕಂಡಿತು: ಹೀರೋನ ಬೂಟು ದಾಟಿದ ಮೇಲೆ
ಪರದೆಯ ಎಡಮೂಲೆಯಲ್ಲಿ ವಾಚ್‌ಮನ್ನನ ಹೊಟ್ಟೆ
ಏರಿತು, ಇಳಿಯಿತು, ಏರಿತು.
ಕತ್ತರಿ ಹಾಕುವವರಿಗೂ ಅವನತ್ತ ಗಮನ ಇರಲಿಲ್ಲ.
ಪಕ್ಕದವನ ಮೊಣಕೈ ಹಿಡಿದೆ,
"ಉಸಿರಾಡ್ತಿದ್ದಾನೆ ನೋಡಿ. ಸತ್ತಿಲ್ಲ ಅವನು."
ಪರದೆಯಿಂದ ಕಣ್ಣು ಕೀಳದೆ
ಪಾಪ್‌ಕಾರ್ನ್ ಪೊಟ್ಟಣ ನನ್ನತ್ತ ಚಾಚಿದ,
"ತಗೊಳ್ಳಿ. ಸುಮ್ನಿರಿ. ಹೀರೋ ಬಂದ."