ಕ್ಯಾಮೆರಾ ಸ್ವಲ್ಪ ಮೇಲಕ್ಕೆ

ಗ್ರೀನ್‌ಲ್ಯಾಂಡಿನ ತುದಿಯ ಒಂದು ದ್ವೀಪ, ಕುಲ್ಲೊರ್ಸುವಾಕ್.
ಹಾಗಂದರೆ ದೊಡ್ಡ ಹೆಬ್ಬೆರಳು ಅಂತೆ.
ನಾನು ಹೋದವನಲ್ಲ. ನೂಕ್ ಪಟ್ಟಣದ ಮೂರನೇ ಮಹಡಿಯಲ್ಲಿ ಕೂತು
ಮಂಗಳವಾರ ಮಂಗಳವಾರ ಆ ಊರಿನ ಎದೆಬಡಿತ ಕೇಳುತ್ತೇನೆ.

ಬೋಲಟ್ಟಾ, ಅರವತ್ತೆಂಟು. ಸೀಲಿನ ತೊಗಲು ಹದ ಮಾಡಿದ ಕೈ.
ಪರದೆ ತುಂಬ ಬಾಯಿ, ಗಲ್ಲ, ಸ್ವೆಟರಿನ ಒಂದು ಗುಂಡಿ.
ದುಭಾಷಿ ಇನ್ನೆಲ್ಲೋ, ಬರೀ ದನಿ.
ನನ್ನ ಡೇನಿಶ್ ಮಾತು ಆ ದನಿಯಲ್ಲಿ ಮಗುಚಿಕೊಂಡು
ಅವಳ ಕಿವಿ ಸೇರುವಷ್ಟರಲ್ಲಿ
ನಾನು ಮುಂದಿನ ಪ್ರಶ್ನೆಗೆ ಬಾಯಿ ತೆರೆದಿರುತ್ತೇನೆ.

ಮಲಗಿದರೆ ಉಸಿರು ಕಟ್ಟುತ್ತದೆಯೇ?
ತಲೆಗೆ ಎರಡು ದಿಂಬು ಬೇಕೇ?
ಕಾಲು ಊದಿದೆಯೇ?
ತುಟಿ ಅಲ್ಲಾಡಲಿಲ್ಲ.
ಬರೆದೆ: ದೂರುಗಳಿಲ್ಲ.
ಮರುವಾರ: ದೂರುಗಳಿಲ್ಲ. ಮಾತು ಕಡಿಮೆ.
ಮೂರನೆಯ ವಾರ 'ಮಾತು ಕಡಿಮೆ'ಯ ಅಡಿಗೆ ಗೆರೆ ಎಳೆದೆ,
ಅದೇ ಕಾಯಿಲೆ ಎಂಬಂತೆ.

ಟ್ಯಾಬ್ಲೆಟ್ ಹಿಡಿದಿದ್ದ ಸಹಾಯಕಿ ಪಾರ್ಮಾ,
ಇಪ್ಪತ್ತೆರಡರ ಹುಡುಗಿ, ತಡೆಯಲಾರದೆ ಅಂದಳು:
"ಡಾಕ್ಟರೇ, ಅವರು ಹೌದು ಅಂತ ಆಗಿನಿಂದ ಹೇಳುತ್ತಲೇ ಇದ್ದಾರೆ."
ಯಾವಾಗ?
"ಹುಬ್ಬಿನಲ್ಲಿ."

ಅಲ್ಲಿ ಹುಬ್ಬೇರಿದರೆ ಹೌದು. ಮೂಗು ಮುರಿದರೆ ಇಲ್ಲ.
ಬಾಯಿಗೆ ಹತ್ತಿರ ಹಿಡಿ, ದನಿ ಕೇಳಲಿ
ಎಂದವನು ನಾನೇ.
ಅವಳ ಹಣೆ, ಹಣೆಯ ಬರಹ ಸಮೇತ,
ಮೂರು ವಾರ ಚೌಕಟ್ಟಿನ ಆಚೆಗಿತ್ತು.

ಪಾರ್ಮಾ ಕಾಲುಚೀಲ ಸರಿಸಿ
ಪಾದದ ಮೇಲೆ ಹೆಬ್ಬೆರಳು ಒತ್ತಿದಳು, ನನ್ನ ಬದಲಿಗೆ.
ತೆಗೆದಳು.
ಗುಳಿ ಹಾಗೇ ಇತ್ತು.
ಚಿತ್ರ ನಿಂತುಹೋಯಿತೇನೋ ಅಂದುಕೊಂಡೆ.
ಹಿಂದಿನ ಕಿಟಕಿಯಲ್ಲಿ
ನಾಯಿಯೊಂದು ಹಿಮ ಕೊಡವಿ ನಡೆದುಹೋಯಿತು.

ನೀರಿಳಿಸುವ ಮಾತ್ರೆ ಬರೆದೆ. ಹೆಲಿಕಾಪ್ಟರಿಗೆ ಹೇಳಿದೆ;
ಗಾಳಿ ಒಪ್ಪಿದರೆ ನಾಳೆ.
ಕ್ಷಮಿಸಿ ಅಂದೆ. ದುಭಾಷಿ ಅದನ್ನು ಏನೆಂದು ದಾಟಿಸಿದನೋ,
ನಾನಂದದ್ದಕ್ಕಿಂತ ಉದ್ದವಾಗಿತ್ತು.
ಬೋಲಟ್ಟಾ ಬಹಳ ಹೊತ್ತು ನೋಡಿ
ಮೊದಲ ಬಾರಿಗೆ ತಾನಾಗಿ ಏನೋ ಕೇಳಿದಳು.

"ಡಾಕ್ಟರಿಗೆ ಹಣೆ ಇದೆಯೇ ಎಂದು ಕೇಳುತ್ತಿದ್ದಾರೆ.
ಇಷ್ಟು ದಿನವೂ ಅಲ್ಲಿಗೆ ಬರೀ ಗಡ್ಡ ಕಂಡದ್ದಂತೆ."

ಔಷಧಶಾಸ್ತ್ರದ ಎರಡು ದಪ್ಪ ಪುಸ್ತಕ ಎಳೆದು
ಲ್ಯಾಪ್‌ಟಾಪನ್ನು ಮೇಲಿಟ್ಟೆ.
ಈಗ?

ಅವಳು ಮೂಗು ಮುರಿದಳು.

ಇನ್ನೊಂದು ಪುಸ್ತಕ ಹುಡುಕುತ್ತಿದ್ದೇನೆ.