ಬುಧವಾರ, ಒಂಬತ್ತೂವರೆ

ಶಿಡ್ಲಘಟ್ಟದ ನಮ್ಮ ಫಿಲೇಚರಿನಲ್ಲಿ
ಗೂಡು ಬೇಯುವ ವಾಸನೆಯ ನಡುವೆ
ಮೂರೇ ಕಾಲಿನ ಸ್ಟೂಲಿನ ಮೇಲೊಂದು ಟೀವಿ.
ಬುಧವಾರ ಒಂಬತ್ತೂವರೆಗೆ ಕನ್ನಡಕದ ಆ ಮೇಷ್ಟ್ರು,
ಇಪ್ಪತ್ತೆರಡು ವರ್ಷ
ಅದೇ ಕುರ್ಚಿ, ಅದೇ ಕೆಮ್ಮು.

ಕಂಚಿನ ನಟರಾಜನ ಎತ್ತಿದ ಕಾಲು ತೋರಿಸಿ
ಅದೇ ಉಸಿರಿನಲ್ಲಿ ರೆಕಾರ್ಡ್ ಡ್ಯಾನ್ಸಿನ ಹುಡುಗಿಯ ಗೆಜ್ಜೆ;
ಇನ್ನೊಂದು ವಾರ ತೋಡಿ,
ಅದರ ಬೆನ್ನಿಗೇ ಮದುವೆ ಬ್ಯಾಂಡಿನ ಕ್ಲಾರಿಯೊನೆಟ್ಟು.
"ಎರಡೂ ಕೇಳಿ," ಅನ್ನೋರು, "ಆಮೇಲೆ ಜಗಳ ಆಡೋಣ."
ಆಡುತ್ತಿದ್ದೆವು, ಎಳೆ ಕಡಿದದ್ದೂ ತಿಳಿಯದೆ,
ಬೆರಳು ಬಿಸಿನೀರಲ್ಲೇ ಬಿಟ್ಟು.

ಒಮ್ಮೆ ಅವರ ಜೀಪು ಇಲ್ಲಿಗೇ ಬಂತು,
ಲಾರಿ ಬೆನ್ನಿಗೆ ಗಿಣಿ ಬರೆಯುವ
ಮಸ್ತಾನಣ್ಣನ ಶೆಡ್ಡು ಹುಡುಕಿಕೊಂಡು.
"ಕೊಕ್ಕು ಯಾಕಪ್ಪ ಇಷ್ಟು ಕೆಂಪು?"
"ಡಬ್ಬಿಯಲ್ಲಿ ಅದೇ ಉಳಿದಿತ್ತು ಸಾರ್."
ಮೇಷ್ಟ್ರು ಬಹಳ ಹೊತ್ತು ಕೆಮ್ಮಿದರು, ನಗುವೋ ಏನೋ.

ಪ್ರಸಾರದ ರಾತ್ರಿ ಬೀದಿಯೆಲ್ಲ ನಮ್ಮಲ್ಲೇ.
ಮಸ್ತಾನಣ್ಣನಿಗೆ ಇಸ್ತ್ರಿ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ.
ಒಂಬತ್ತು ಇಪ್ಪತ್ತೊಂಬತ್ತಕ್ಕೆ ಕರೆಂಟು ಹೋಯಿತು.
ಯಾರೂ ಏಳಲಿಲ್ಲ.
"ಈಗ ಶುರುವಾಗಿರುತ್ತೆ," ಅಂದಳು ಖುರ್ಷಿದ್‌ಬಿ ಕತ್ತಲಲ್ಲಿ.
ಆಮೇಲೆ, "ಈಗ ರೆಕ್ಕೆ ಬರೀತಿರ್ತಾನೆ."
ಕುಳಿತೇ ಇದ್ದೆವು ಅರ್ಧ ಗಂಟೆ,
ತಣಿಯುತ್ತಿದ್ದ ಬಾಣಲೆಗಳ ಸುತ್ತ.

ಮರುದಿನ ಅವನು ಚಿಂತಾಮಣಿ ಬಸ್ಸು ಹತ್ತಿದ.
ಅಲ್ಲಿ ನೋಡಿದವರ ಬಳಿಯೆಲ್ಲ ಒಂದೇ ಪ್ರಶ್ನೆ:
"ಕೆಂಪು ಚೆನ್ನಾಗಿ ಬಂದಿತ್ತಾ?"
ಬಂದಿತ್ತು, ಬೆಂಕಿ ಹಂಗಿತ್ತು, ಅಂದರಂತೆ.

ಆ ಮನೆಗಳಲ್ಲಿದ್ದದ್ದೆಲ್ಲ ಕಪ್ಪು ಬಿಳುಪಿನ ಸೆಟ್ಟು.
ಅವನಿಗೂ ಗೊತ್ತಿತ್ತು, ಅಂತಾಳೆ ಖುರ್ಷಿದ್‌ಬಿ.