ನೀಲಿ ಅಕಾರ

ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿ
ಗೌರಿಬಿದನೂರಿಗೆ ವರ್ಗವಾದ ಲ್ಯಾಬಿನ ದಯಾಶಂಕರ
ಕೈಮುಗಿದು, ದುಡ್ಡಿಗೆ ಬದಲು ಬಿಟ್ಟುಹೋದದ್ದು
ಒಂದು ಗಾಜಿನ ತೊಟ್ಟಿ, ಗುರ್ ಎನ್ನುವ ಮೋಟರು,
ಒಳಗೆ ಅಂಗೈಯಗಲದ ಎರಡು ಮೀನು.

'ಬ್ಲೂ ಅಕಾರ ಅಂತಾರಕ್ಕ, ದೂರದೇಶದ ಹೊಳೆಯವು' ಅಂದ.
ನನಗೆ ಕೇಳಿಸಿದ್ದು ಒಂದನೇ ಕ್ಲಾಸಿನ ಅಕಾರ,
ಕ್ ಎಂಬ ಬಿಕ್ಕಿಗೆ ಉಸಿರು ಕೊಟ್ಟು ಕ ಮಾಡಿ
ತಾನು ತಲೆಕಟ್ಟಿನ ಕೆಳಗೆ ಅಡಗಿ ಕೂರುವ ಅ.
ನೋಡಿದರೆ ಹೌದು. ಗಾಜಿಗೆ ಮೂತಿಯಿಟ್ಟು
ಇಡೀ ದಿನ ಅದನ್ನೇ ಒಪ್ಪಿಸುತ್ತಿದ್ದವು
ಸದ್ದಿಲ್ಲದೆ. ಅ. ಅ. ಅ.

ಶಿಡ್ಲಘಟ್ಟದ ಬೋರಿನ ನೀರು ಗೊತ್ತಲ್ಲ,
ಪಾತ್ರೆಯ ತಳಕ್ಕೆ ಸುಣ್ಣ ಬಳಿದು
ನಮ್ಮ ಮುಂದಿನ ಹಲ್ಲಿಗೆ ಕಂದು ಗೆರೆ ಎಳೆದದ್ದು.
ಅದನ್ನು ಹೊಯ್ದ ವಾರ ಎರಡೂ ಬಣ್ಣಗೆಟ್ಟು
ಮೂಲೆಗೆ ಒರಗಿದವು.
ಆಮೇಲೆ ಶುದ್ಧ ನೀರಿನ ಘಟಕಕ್ಕೆ ಐದರ ನಾಣ್ಯ ಹಾಕಿ
ನಮಗೊಂದು ಕ್ಯಾನು, ಅವಕ್ಕೊಂದು.
'ಬಾಡಿಗೆಯೋನು ಹೋದ, ನೀರಿನ ಖರ್ಚು ಬಿಟ್ಟೋದ'
ಅನ್ನುತ್ತಲೇ ನಮ್ಮನೆಯವರು ಹೊತ್ತು ತಂದರು.

ಊಟಕ್ಕೇನು ಬರ?
ನೂಲು ಬಿಚ್ಚಿದ ಗೂಡಿನೊಳಗೆ ಉಳಿದ ಬೆಂದ ಹುಳ,
ತಾರಸಿಯಲ್ಲಿ ಒಣಗಿಸಿ ಒರಳಲ್ಲಿ ಕುಟ್ಟಿದ ಪುಡಿ.
ಬೆಳಗಿಂದ ಕುದಿನೀರಲ್ಲಿ ಎಳೆಯ ತುದಿ ಹುಡುಕಿ
ಬೆಳ್ಳಗೆ ಸುಕ್ಕಿದ ಬೆರಳು ಸಂಜೆ ತಣ್ಣೀರಿಗಿಳಿಸಿದರೆ
ಗಂಡುಮೀನು ಬಂದು ಉಗುರು ಕಚ್ಚುತ್ತಿತ್ತು,
ಆಚೆ ನಡಿ ಅನ್ನೋ ಹಾಗೆ.

ಪ್ಲಾಸ್ಟಿಕ್ ಗಿಡವೆಲ್ಲ ಬುಡಸಮೇತ ಕಿತ್ತು
ಮರಳು ತೋಡಿ ಗುಡ್ಡೆ ಹಾಕಿದವು.
ನೆರಳಿಗಿರಲೆಂದು ಅಟ್ಟದಿಂದ ಇಳಿಸಿದ್ದು
ಚೌಕಟ್ಟು ಕಳಚಿದ ನನ್ನ ಹಳೇ ಸ್ಲೇಟು.
ಸರದಿಯ ಮೇಲೆ ಬಾಯಲ್ಲಿ ಉಜ್ಜಿ ಉಜ್ಜಿ
ಮಕ್ಕಳು ಎಂಜಲು ಹಚ್ಚಿ ಒರೆಸುವಂತೆ ಒರೆಸಿ
ಒಂದು ಮಧ್ಯಾಹ್ನ ಅದರ ಮೇಲೆ
ಸಾಲು ತಪ್ಪದೆ ಮೊಟ್ಟೆ ಬರೆದವು.

ಬೆಳಿಗ್ಗೆ ಸ್ಲೇಟು ಖಾಲಿ.
ಎರಡರ ಹೊಟ್ಟೆಯೂ ದುಂಡಗೆ.
ಎರಡು ದಿನ ಪುಡಿ ಹಾಕಲಿಲ್ಲ, ಸಿಟ್ಟಿಗೆ.
ನಮ್ಮನೆಯವರು ನಕ್ಕರು: 'ನೀನು ಮೊದಲನೇ ಸಲ
ಮುದ್ದೆ ತೊಳಸಿದಾಗ ಏನಾಗಿತ್ತು, ನೆನಪಿದೆಯಾ?'

ಎರಡನೇ ಸಲ ಇಟ್ಟ ಮೂರನೇ ರಾತ್ರಿ ಕರೆಂಟು ಹೋಯಿತು.
ಮೋಟರು ಸುಮ್ಮನಾದದ್ದೇ ಎಚ್ಚರ.
ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿ, ಎತ್ತಿ ಸುರಿ,
ನನ್ನ ತೋಳು ಸೋತರೆ ಅವರು, ಅವರು ತೂಕಡಿಸಿದರೆ ನಾನು.
ಒಳಗೆ ಒಂದು ರೆಕ್ಕೆ ಬೀಸುತ್ತಿತ್ತು, ಇನ್ನೊಂದು ಕಾವಲು.
ನಾಲ್ಕು ಗಂಟೆಗೆ ಟಾರ್ಚು ಬಿಟ್ಟರೆ
ಸ್ಲೇಟಿನ ಮೇಲೆ ಮಿಸುಕಾಟ. ಹೆಣ್ಣುಮೀನು
ಬಾಯಿ ತುಂಬ ಮರಿ ಎತ್ತಿಕೊಳ್ಳುತ್ತಿದೆ.
'ತಿಂತಾಳೆ ರೀ, ಮತ್ತೆ ತಿಂತಾಳೆ!' ಕಿರುಚಿದೆ.
ಅವಳು ತೋಡಿಟ್ಟ ಕುಣಿಯ ತನಕ ಈಜಿ
ಬಾಯಿ ತೆರೆದು, ಅ,
ಎಲ್ಲವನ್ನೂ ಮೆತ್ತಗೆ ಅಲ್ಲಿಗೆ ಉಗಿದಳು.

ಕೈಯಲ್ಲಿ ಲೋಟ ಹಾಗೇ ಇತ್ತು.

ಆಮೇಲಿನದೆಲ್ಲ ಚಾಕರಿ. ಬೇಯಿಸಿದ ಕೋಳಿಮೊಟ್ಟೆಯ ಹಳದಿ
ರೇಷ್ಮೆಬಟ್ಟೆಯ ಚೂರಲ್ಲಿ ಸೋಸಿ ದಿನಕ್ಕೆ ನಾಲ್ಕು ಸಲ;
ಅರ್ಧದಷ್ಟು ಸತ್ತವು, ಅರ್ಧ ಉಳಿದವು.
ಬೆಳಗಾದರೆ ನಾನು ಮತ್ತೆ ಗೂಡು ಕುದಿಸಲು ಹೋದೆ.
ಅದರ ಲೆಕ್ಕ ಇದಕ್ಕೆ ಹಾಕಬಾರದು ಅಂತ
ನನಗೆ ನಾನೇ ಹೇಳಿಕೊಂಡೆ. ಬೆರಳು ಕೇಳಲಿಲ್ಲ.

ಮೊನ್ನೆ ಭಾನುವಾರ ಆಟೋ ಹೊರಗೆ ನಿಲ್ಲಿಸಿ
ದಯಾಶಂಕರ ಬಂದ, ಕವರಿನಲ್ಲಿ ಬಾಡಿಗೆ.
'ತೊಟ್ಟಿ ತಗೊಂಡೋಗ್ತೀನಕ್ಕ.'
ಎಣಿಸಿದೆ. ಸರಿಯಾಗಿತ್ತು.
ತಿರುಗಿ ಅವನ ಜೇಬಿಗೇ ತುರುಕಿದೆ.
'ಬಾಣಂತಿ ಇದಾಳಪ್ಪ ಮನೇಲಿ,
ಈಗ ಏನೂ ಆಚೆ ಕೊಡಂಗಿಲ್ಲ.'

ಯಾರಪ್ಪ ಬಾಣಂತಿ ಎಂದು ಅವನು
ನಡುಮನೆಯ ಕತ್ತಲೆಗೆ ಇಣುಕಿದ.
ನಮ್ಮನೆಯವರು ಮಾತಾಡದೆ ಕ್ಯಾನು ಎತ್ತಿಕೊಂಡು
ಗೂಡಿನಲ್ಲಿ ಐದರ ನಾಣ್ಯ ತಡಕಿದರು.